ಗುಡ್ಡದ ಟಾಂಕಿ

ನಲ್ಲಿ ತಿರುಗಿಸುವ ಮೊದಲು ಅದರ ಬಾಯಿಗೆ ಒಂದು ಗಳಿಗೆ ಕಿವಿ ಇಡುವ ಅಭ್ಯಾಸ ನನಗಿದೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಆದರೆ ಇನ್ನು ಮುಚ್ಚಿಡಲಾಗದಷ್ಟು ಜನ ನೋಡಿಯಾಗಿದೆ. ಕೆಲವರು ಚಪ್ಪಲಿಯನ್ನು ಕೊಡವಿ ಮೆಟ್ಟಿಕೊಳ್ಳುತ್ತಾರೆ, ಕೆಲವರು ಬೀಗ ಹಾಕಿದ ಮೇಲೆ ಅದಕ್ಕೆ ನೇತುಬಿದ್ದು ಜಗ್ಗಿ ನೋಡುತ್ತಾರೆ. ಅಂಥವರನ್ನು ಲೋಕ ಜಾಗ್ರತೆಯ ಮನುಷ್ಯರೆಂದು ಹೊಗಳುತ್ತದೆ. ನಲ್ಲಿಗೆ ಕಿವಿ ಇಡುವವನನ್ನು ಏನೆಂದು ಕರೆಯಬೇಕೆಂದು ಮಾತ್ರ ಲೋಕಕ್ಕೆ ಇನ್ನೂ ತೋಚಿಲ್ಲ. ನನ್ನ ಹೆಂಡತಿ ವಾರಿಜ ಮೊದಮೊದಲು, "ಎಂತ ಡಾಕ್ಟ್ರೇ, ನಲ್ಲಿಗೆ ಜ್ವರ ಉಂಟಾ?" ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ, ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಪರೀಕ್ಷೆ ಮುಗಿಯಲೆಂದು ಕಾಯುತ್ತಾಳೆ. ಒಮ್ಮೆ ಪೆರ್ಲದ ಒಂದು ಮದುವೆಯಲ್ಲಿ ಊಟ ಮುಗಿಸಿ ಕೈತೊಳೆಯಲು ಹೋದಾಗ ಅಭ್ಯಾಸಬಲದಿಂದ ಬಗ್ಗಿಯೇಬಿಟ್ಟೆ. ಹಿಂದೆ ಎಂಜಲು ಕೈ ಎತ್ತಿಕೊಂಡು ನಿಂತಿದ್ದವರಲ್ಲಿ ಯಾರೋ, "ಸ್ವಲ್ಪ ನಿಲ್ಲಿ ಮಾರಾಯ್ರೆ, ಮಾಷ್ಟ್ರಿಗೆ ಅದರಲ್ಲಿ ವಾರ್ತೆ ಬರ್ತಾ ಉಂಟು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ತಮಾಷೆಗೆ ಹೇಳಿದ್ದು ಎಷ್ಟು ನಿಜವೆಂದು ಅಲ್ಲಿ ನಿಂತು ವಿವರಿಸುವಷ್ಟು ನೀರು ಆ ಮದುವೆಮನೆಯಲ್ಲಿ ಇರಲಿಲ್ಲ.

ಇದರ ಮೂಲ ನನ್ನ ಐತಪ್ಪ ಭಾವ. ಎಂದರೆ ನನ್ನ ಕಮಲಕ್ಕನ ಗಂಡ. ಭಾವ ಹಲವು ವರ್ಷ ಗಲ್ಫಿನಲ್ಲಿದ್ದರು. ಅಲ್ಲಿ ಕೆಲಸಗಾರರ ಒಂದು ಕ್ಯಾಂಪಿನಲ್ಲಿ ನೀರಿನ ಟಾಂಕಿಗಳನ್ನು, ಪೈಪುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಉಳಿದವರು ಗಲ್ಫಿನಿಂದ ಬರುವಾಗ ಟೇಪ್ ರೆಕಾರ್ಡರು, ಅತ್ತರು, ಮೆತ್ತನೆಯ ಕಂಬಳಿ ತರುತ್ತಾರೆ. ಇವರು ಕಾಯಂ ಆಗಿ ಬಂದಿಳಿದಾಗ ತಂದದ್ದು ಮಗುವಿನಷ್ಟು ಭಾರದ ಒಂದು ಪೈಪ್ ರೆಂಚು ಮತ್ತು ಅದಕ್ಕಿಂತ ಭಾರದ ಒಂದು ಸಿದ್ಧಾಂತ. ಸಿದ್ಧಾಂತ ಏನೆಂದರೆ, ಮನುಷ್ಯನಿಗೆ ಬದುಕಲು ದೊಡ್ಡ ಮನೆ ಬೇಡ. ಕ್ಯಾಂಪಿನಲ್ಲಿ ಮಂಚದ ಮೇಲೆ ಮಂಚ, ಅದರ ಮೇಲೆ ಇನ್ನೊಂದು ಮಂಚ, ನಡುವಿನ ಮಂಚದಲ್ಲಿ ಭಾವ. ಅವರ ಬಟ್ಟೆ, ಪಾತ್ರೆ, ದೇವರ ಪಟ, ರೇಡಿಯೋ ಎಲ್ಲವೂ ಆ ಮಂಚದ ಸುತ್ತಲೇ ನೇತಾಡುತ್ತಿದ್ದವಂತೆ. "ಅಷ್ಟು ಜಾಗದಲ್ಲಿ ಅಷ್ಟು ವರ್ಷ ಆಯ್ತಲ್ಲಾ ಮಾಷ್ಟ್ರೇ? ಮತ್ತೆ ಈ ಚಾವಡಿ, ಉಪ್ಪರಿಗೆ, ಎಂತಕ್ಕೆ? ಗುಡಿಸುವವರಿಗೆ ಬೆನ್ನುನೋವು" ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ನನ್ನನ್ನು ಮಾಷ್ಟ್ರೇ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ಬೇರ್ಪಡಿಸಲು ಹೋಗಲಿಲ್ಲ.

ಮನೆ ಕಟ್ಟಲು ಅವರು ಆರಿಸಿದ ಜಾಗ ಸೀತಾಂಗೋಳಿಯಿಂದ ಒಳಗೆ ಒಂದು ಪದವಿನ ಅಂಚು. ಪದವು ಎಂದರೆ ಮುಳಿಹುಲ್ಲು ಬಿಟ್ಟು ಬೇರೇನೂ ಬೆಳೆಯದ, ನೆರಳಿಲ್ಲದ ಕೆಂಪುಕಲ್ಲಿನ ಬಯಲು. ಕರೆಂಟಿನ ಕಂಬಗಳು ಕೆಳಗಿನ ರಸ್ತೆಯವರೆಗೆ ಬಂದು, ಒಮ್ಮೆ ತಲೆಯೆತ್ತಿ ಮೇಲೆ ನೋಡಿ, ಬೇಡವೆಂದು ಅಲ್ಲೇ ನಿಂತ ಹಾಗೆ ಕಾಣುತ್ತಿದ್ದವು. ಭಾವನಿಗೆ ಅದೂ ಸಂತೋಷವೇ. ಚಿಮಿಣಿದೀಪ ಉಂಟು, ರೇಡಿಯೋಕ್ಕೆ ಲಾರಿಯ ಹಳೆಯ ಬ್ಯಾಟರಿ ಉಂಟು, ಇನ್ನೆಂತ ಬೇಕು? ಮೇಸ್ತ್ರಿಯಿಲ್ಲ, ಬಡಗಿಯಿಲ್ಲ, ಎಲ್ಲವೂ ಸ್ವಂತ ಕೈಯಿಂದ. ಅಕ್ಕ ಇದಕ್ಕೆಲ್ಲ ಅಡ್ಡ ಮಾತಾಡಲಿಲ್ಲ. ಅವಳು ಮದುವೆಯಾಗಿ ಸೇರಿದ ಮನೆಯಲ್ಲಿ ಬಾವಿ ಕೆಳಗಿನ ಗದ್ದೆಯ ಬದಿಯಲ್ಲಿ, ಅಡುಗೆಮನೆ ಮೇಲೆ ದಿಣ್ಣೆಯಲ್ಲಿ. ಗಂಡ ಗಲ್ಫಿನಲ್ಲಿದ್ದಷ್ಟೂ ವರ್ಷ ಆ ಮನೆಯ ಅಷ್ಟೂ ಜನರ ಸ್ನಾನ, ಅಡುಗೆ, ದನಗಳ ನೀರು ಅವಳ ಸೊಂಟದ ಮೇಲೆ ಕುಳಿತು ಮೆಟ್ಟಿಲು ಹತ್ತಿತ್ತು. "ಮನೆ ಗೂಡಿನ ಹಾಗೆ ಇದ್ರೂ ಅಡ್ಡಿ ಇಲ್ಲ. ತಿರುಗಿಸಿದ ಕೂಡ್ಲೆ ನೀರು ಬರುವ ಒಂದು ನಲ್ಲಿ ಅಡುಗೆಮನೆಯಲ್ಲಿ ಬೇಕು. ಮತ್ತೆ ನಾನು ಎಂತದೂ ಕೇಳುವುದಿಲ್ಲ" ಎಂದಳು. ಕೇಳಲೂ ಇಲ್ಲ. ಅವಳು ಜೀವಮಾನದಲ್ಲಿ ಗಂಡನಲ್ಲಿ ಬೇಡಿದ್ದು ಅದೊಂದನ್ನೇ.

ಶನಿವಾರ ಬಂದರೆ ನಾನು ಪೆರ್ಲದಿಂದ ಬಸ್ಸು ಹಿಡಿದು ಭಾವನ ಸಹಾಯಕ್ಕೆ ಹೋಗುತ್ತಿದ್ದೆ. ಸಹಾಯ ಎಂಬುದು ನನ್ನ ಮಾತು. ಭಾವ ಅದಕ್ಕೆ, "ಮಾಷ್ಟ್ರು ನೋಡ್ಲಿಕ್ಕೆ ಬಂದಿದ್ದಾರೆ" ಎನ್ನುತ್ತಿದ್ದರು. ಒಂದೇ ಕೋಣೆಯ ಮನೆ, ಅದರ ಒಂದು ಮೂಲೆಯೇ ಅಡುಗೆಮನೆ. ಹಗಲು ಗೋಡೆಗೆ ಮಡಚಿಕೊಳ್ಳುವ ಮಂಚ, ಮಂಚದ ಬೆನ್ನಿಗೇ ಅಂಟಿದ ಊಟದ ಮೇಜು, ಮೇಜಿನ ಕಾಲಾಗಿಯೂ ಕಪಾಟಾಗಿಯೂ ದುಡಿಯುವ ಒಂದು ಪೆಟ್ಟಿಗೆ. ಎಲ್ಲವೂ ಹಲಸಿನ ಮರದ್ದು, ಎಲ್ಲವೂ ಆನೆ ಕಟ್ಟುವಷ್ಟು ಗಟ್ಟಿ. ಕದವನ್ನು ತೆರೆಯಲು ಭುಜ ಕೊಡಬೇಕಾಗಿತ್ತು. "ಇದು ಮನೆಯ ಕದವೋ, ಅಣೆಕಟ್ಟೆಯದ್ದೋ?" ಎಂದು ನಾನು ಕೇಳಿದ್ದುಂಟು. ಮಡಚುವ ಮಂಚದ ಗುಣಪರೀಕ್ಷೆ ಮಾಡುವ ಮೊದಲ ಅವಕಾಶ ನನಗೇ ಸಿಕ್ಕಿತು. ಮಲಗಿದ ಮೇಲೆ ಅದು ತನ್ನ ಕೆಲಸ ಮರೆಯದೆ, ನನ್ನನ್ನೂ ಸೇರಿಸಿಕೊಂಡು ಗೋಡೆಗೆ ಮಡಚಿತು. ಅಕ್ಕ ಬಂದು ಬಿಡಿಸುವವರೆಗೆ ನಾನು ಲಕೋಟೆಯೊಳಗಿನ ಕಾಗದದಂತೆ ನಿಂತಿದ್ದೆ. ಇನ್ನೊಮ್ಮೆ ಪೈಪಿನ ನೀರು ಹರಿಸಲು ಒಂದು ತುದಿಯಿಂದ ಗಾಳಿ ಎಳೆದರೆ ಸಾಕೆಂದು ನಾನು ವಿಜ್ಞಾನ ಹೇಳಿದೆ. ಹೇಳಿದವನೇ ಎಳೆಯಬೇಕೆಂದು ತೀರ್ಪಾಯಿತು. ಎಳೆದೆ. ನೀರಿಗಿಂತ ಮುಂಚೆ ಒಂದು ಗೊದಮೊಟ್ಟೆ ಬಂದಿತು. ಅದು ಎಲ್ಲಿಗೆ ಹೋಯಿತೆಂದು ಭಾವ ಬಹಳ ದಿನ ವಿಚಾರಿಸುತ್ತಿದ್ದರು. "ಮಾಷ್ಟ್ರೇ, ಈಗ ಕಪ್ಪೆ ಆಗಿರ್ಬಹುದು ಅಲ್ವಾ?"

ನೀರು ಬರುತ್ತಿದ್ದದ್ದು ಮನೆಯ ಹಿಂದಿನ ಸುರಂಗದಿಂದ. ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಕೊರೆದ ಬಾವಿಗೆ ಸುರಂಗ ಎನ್ನುತ್ತಾರೆ. ಬಾವಿಯ ನೀರನ್ನು ನಾವು ಎತ್ತಬೇಕು. ಸುರಂಗದ ನೀರು ತಾನಾಗಿ ನಡೆದುಕೊಂಡು ಹೊರಗೆ ಬರುತ್ತದೆ. ಆ ಜಾಗದ ಜೊತೆ ಬಂದ ಹಳೆಯ ಸುರಂಗ ಅದು. ಬಾಯಿ ಗಟ್ಟಿ ಕೆಂಪುಕಲ್ಲು, ಒಳಗೆ ಹೋದಂತೆ ಮೆತ್ತಗಿನ ಬಿಳಿ ಸೇಡಿಮಣ್ಣು. ಅಲ್ಲಿಂದ ಅಡುಗೆಮನೆಯವರೆಗೆ ಭಾವ ಕಬ್ಬಿಣದ ಪೈಪು ಹಾಕಿದರು. ಪ್ಲಾಸ್ಟಿಕ್ಕಿನದ್ದು ಸಾಕು, ತುಕ್ಕು ಹಿಡಿಯುವುದಿಲ್ಲ, ಹಗುರ, ಕಾಲ ಬದಲಾಗಿದೆ ಎಂದು ನಾನು ವಾದಿಸಿದೆ. "ನಿಮ್ಮ ಪ್ಲಾಸ್ಟಿಕ್ ಪೈಪಿನ ಮೇಲೆ ಒಂದು ಕಾಗೆ ಕೂತ್ರೆ ಆಯ್ತು" ಎಂದು ಅವರು ಪೈಪಿನ ಕೊನೆಯ ಸಾಕೆಟ್ಟನ್ನು ಬಿಗಿ ಮಾಡಿದರು. ಅಕ್ಕನ ನಲ್ಲಿಯಲ್ಲಿ ನೀರು ಬಂತು. ಆದರೆ ಸುರಂಗಕ್ಕೂ ನಲ್ಲಿಗೂ ಎತ್ತರದ ವ್ಯತ್ಯಾಸ ಹೆಚ್ಚಿಲ್ಲದ್ದರಿಂದ ನೂಲಿನಂತೆ ಬಂತು. "ಕೆಳಗೆ ಕೊಡ ಇಟ್ಟು ಕುಂಬಳೆಗೆ ಹೋಗಿ ಮೀನು ತಂದ್ರೂ ತುಂಬುವುದಿಲ್ಲ" ಎಂದಳು ಅಕ್ಕ. ದೂರಲಿಲ್ಲ, ನಗುತ್ತಲೇ ಅಂದಳು. ಆದರೆ ಅಷ್ಟು ವರ್ಷ ಟಾಂಕಿಗಳನ್ನು ಕಾದ ಮನುಷ್ಯನಿಗೆ ಆ ನಗು ಚುಚ್ಚಿತು.

ಆಗ ಭಾವನಿಗೆ ಹೊಳೆದದ್ದು ಗುಡ್ಡವನ್ನೇ ಟಾಂಕಿ ಮಾಡುವ ಉಪಾಯ. ಸುರಂಗದ ಬಾಯಿಗೆ ಸೊಂಟಮಟ್ಟದ ಒಂದು ಸಿಮೆಂಟಿನ ಗೋಡೆ. ನೀರು ಒಳಗೇ ನಿಲ್ಲುತ್ತದೆ, ಏರುತ್ತದೆ, ಏರಿದಷ್ಟೂ ನಲ್ಲಿಯಲ್ಲಿ ರಭಸ. ಕಟ್ಟುವ ಖರ್ಚಿಲ್ಲ, ಜಾಗ ಬೇಡ, ಬಿಸಿಲಿಗೆ ನೀರು ಬಿಸಿಯಾಗುವುದಿಲ್ಲ. ಕೇಳಿದಾಗ ನನಗೂ ರೋಮಾಂಚನವಾಯಿತು. ದ್ರವದ ಒತ್ತಡವು ಅದರ ಎತ್ತರವನ್ನು ಅವಲಂಬಿಸಿದೆ ಎಂದು ಯಾರೂ ಕೇಳದಿದ್ದರೂ ಇದ್ದಿಲಿನಿಂದ ಗೋಡೆಯ ಮೇಲೆ ಚಿತ್ರ ಬರೆದು ತೋರಿಸಿದೆ. ನಮ್ಮ ಕಡೆ ಸುರಂಗಗಳಿಗೆ ಲೆಕ್ಕವಿಲ್ಲ, ಯಾವ ಸುರಂಗದ ಬಾಯಿಯನ್ನೂ ಯಾರೂ ಕಟ್ಟಿದ್ದಿಲ್ಲ. ಒಳಗೆ ಗೇಣೆತ್ತರದ ಮಣ್ಣಿನ ಕಟ್ಟ ಇಡುತ್ತಾರೆ, ಅಷ್ಟೇ. ಏಕೆ ಕಟ್ಟುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಹೇಳುವವರಿರಲಿಲ್ಲ. ಕೆಳಗಿನ ಮನೆಯ ಫೆಲಿಕ್ಸ್ ಪೊರ್ಬುಗಳೊಬ್ಬರೇ ಆಕ್ಷೇಪಿಸಿದರು. ಪೊರ್ಬು ಎಂದರೆ ನಮ್ಮ ಕಡೆ ಕ್ರಿಸ್ತಿಯನ್ನರನ್ನು ಗೌರವದಿಂದ ಕರೆಯುವ ಮಾತು. ಅವರದೂ ಒಂದು ಸುರಂಗವಿತ್ತು, ಜೊತೆಗೆ ಎಲ್ಲ ವಿಷಯಕ್ಕೂ ಒಂದು ಅಭಿಪ್ರಾಯವಿತ್ತು. "ಐತಪ್ಪಣ್ಣ, ನೀವು ಬಾಯಿ ಕಟ್ಟಿದ್ರೆ ಒಳಗಿನ ಬಾವಲಿ ಎಲ್ಲ ಎಲ್ಲಿಗೆ ಹೋಗ್ತದೆ? ನನ್ನ ಚಿಕ್ಕು ಮರಕ್ಕೆ" ಎಂದರು. ಮೇಲೆ ಆಳು ನುಗ್ಗುವಷ್ಟು ಸಂದು ಬಿಡುತ್ತೇವೆ, ಬಾವಲಿಗಳಿಗೆ ತೊಂದರೆಯಿಲ್ಲ ಎಂದು ಅವರನ್ನು ಒಪ್ಪಿಸಿದೆವು. ಬಾವಲಿಗಳ ಹಿತವನ್ನು ಕಾಪಾಡಿದ ಸಮಾಧಾನದಲ್ಲಿ ಗೋಡೆ ಮೇಲೆದ್ದಿತು.

ನೀರು ತುಂಬಿದ ದಿನ ಅಕ್ಕ ನಲ್ಲಿ ತಿರುಗಿಸಿದಳು. ನೀರು ಕೊಡದ ಬಾಯಿಗೆ ಬಡಿದು, ಹಾರಿ, ಅವಳ ಮುಖ ಸೀರೆಯೆಲ್ಲ ತೋಯಿಸಿತು. ಅವಳು ನಲ್ಲಿ ಮುಚ್ಚುವುದನ್ನೂ ಮರೆತು ಸಣ್ಣ ಹುಡುಗಿಯ ಹಾಗೆ ನಿಂತಳು. ಭಾವ ಬಾಗಿಲಲ್ಲಿ ಕೈಕಟ್ಟಿ ನಿಂತು, "ಮುಚ್ಚು ಕಮಲಾ, ನಲ್ಲಿ ಮುಚ್ಚು, ನೀರು ಸುಮ್ಮನೆ ಹೋಗ್ತದೆ" ಎನ್ನುತ್ತಿದ್ದರು. ಅಂದಿನಿಂದ ಅವರ ದಿನದ ಮಂತ್ರವೇ ಅದಾಯಿತು. ಅಕ್ಕ ಅನ್ನ ಬಸಿಯುವಾಗ, ಪಾತ್ರೆ ತೊಳೆಯುವಾಗ, ಜಗಲಿಯಿಂದಲೋ ಹಿತ್ತಲಿಂದಲೋ ಒಂದು ಸ್ವರ: ನಲ್ಲಿ ಮುಚ್ಚು.

ಬೇಸಗೆ ನಡುವಿಗೆ ಬರುವಾಗ ನೀರು ಮತ್ತೆ ಸಣ್ಣದಾಯಿತು. ಪೈಪಿನ ಒಳತುದಿಯಲ್ಲಿ ಕಟ್ಟಿದ ಜಾಲರಿಗೆ ಬೇರೋ ಕೆಸರೋ ಸಿಕ್ಕಿಕೊಂಡಿರಬೇಕು ಎಂದರು ಭಾವ. ಗೋಡೆಯ ಬುಡದಲ್ಲಿ ಬಿಟ್ಟಿದ್ದ ತೂತಿನ ಬಿರಡೆ ತೆಗೆದು ಒಂದು ದಿನವಿಡೀ ನೀರನ್ನು ಹೊರಗೆ ಬಿಟ್ಟರು. ಮರುದಿನ ಶನಿವಾರ. ನಾನು ಅಲ್ಲಿಗೆ ಮುಟ್ಟುವಾಗ ಅವರು ಲುಂಗಿ ಎತ್ತಿ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ತಯಾರಾಗಿದ್ದರು. ಸುರಂಗದೊಳಗೆ ಕೆಲಸ ಮಾಡುವಾಗ ಹೊರಗೆ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಕಳಿಸುವುದು ಅಲ್ಲಿನ ರೂಢಿ. ದೀಪದ ಹೊಗೆಯಿಲ್ಲ, ಎಣ್ಣೆಯಿಲ್ಲ. ಅಕ್ಕನ ಗೋಡೆಯ ಕನ್ನಡಿಯನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. "ನಿಮಗೆ ಒಪ್ಪುವ ಕೆಲಸ ಮಾಷ್ಟ್ರೇ. ನಿಂತು ನೋಡುವುದು." ಅಕ್ಕನಿಗೆ ನಲ್ಲಿ ತೆರೆದಿಟ್ಟು ಪಕ್ಕದಲ್ಲಿ ನಿಲ್ಲಲು ಹೇಳಿದರು. ಜಾಲರಿ ಬಿಚ್ಚಿ ಒಳಗಿನಿಂದ ಪೈಪಿಗೆ ಊದುತ್ತೇನೆ, ಗಾಳಿ ಬಂದರೆ ಕೂಗು ಎಂದರು.

ಮುಂದಿನದ್ದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ನಿಜವಾಗಿ ನೋಡಿದ್ದು ಒಂದೇ ಸಲ ಎಂದು ನಂಬುವುದು ಕಷ್ಟ. ಕನ್ನಡಿಯ ಬೆಳಕು ಒಳಗೆ ತಟ್ಟೆಯ ಹಾಗೆ ಉರುಟಾಗಿ ಬೀಳುತ್ತದೆ. ಆ ಉರುಟಿನಲ್ಲಿ ಭಾವನ ಬೆನ್ನು, ಬೆನ್ನಿನ ಮೇಲೆ ಮೇಲಿಂದ ತೊಟ್ಟಿಕ್ಕಿದ ನೀರು. "ಸ್ವಲ್ಪ ಎಡಕ್ಕೆ ಮಾಷ್ಟ್ರೇ. ಹಾಂ, ಅಲ್ಲೇ. ಅಲ್ಲಾಡಿಸ್ಬೇಡಿ, ನನಗೆ ಸಿನೆಮಾ ನೋಡಿದ ಹಾಗೆ ಆಗ್ತದೆ." ಅವರು ಬಗ್ಗುತ್ತಾರೆ. ಜಾಲರಿ ಬಿಚ್ಚಿದ ಶಬ್ದ ಕೇಳುತ್ತದೆ. ಆಮೇಲೆ ಇನ್ನೊಂದು ಶಬ್ದ. ದೊಡ್ಡ ಶಬ್ದವೇನಲ್ಲ. ಯಾರೋ ಅಕ್ಕಿಯ ಮುಡಿಯನ್ನು ತಲೆಯಿಂದ ನೆಲಕ್ಕೆ ಇಳಿಸಿದ ಹಾಗೆ, ಮೆತ್ತಗೆ. ಒಂದು ತಂಪು ಗಾಳಿ ಮುಖಕ್ಕೆ ಹೊಡೆಯುತ್ತದೆ. ಬೆಳಕಿನ ಉರುಟು ಅಲ್ಲೇ ಇದೆ, ಆದರೆ ಬೆನ್ನಿನ ಮೇಲಲ್ಲ, ಒದ್ದೆ ಬಿಳಿಮಣ್ಣಿನ ಮೇಲೆ. ನಾನು ಕನ್ನಡಿಯನ್ನು ಅಲ್ಲಾಡಿಸದೆ ಹಿಡಿದೇ ನಿಂತಿದ್ದೇನೆ. ಅಲ್ಲಾಡಿಸಬೇಡಿ ಎಂದಿದ್ದರಲ್ಲ.

ನಿಂತ ನೀರು ಸೇಡಿಮಣ್ಣನ್ನು ನೆನೆಸಿ ಅಂಬಲಿ ಮಾಡಿರುತ್ತದೆ, ಆ ನೀರನ್ನು ಒಮ್ಮೆಲೇ ಬಿಟ್ಟಾಗ ಮಣ್ಣಿಗೆ ಇದ್ದ ಆಧಾರವೂ ಹೋಗುತ್ತದೆ ಎಂದು ಈಗ ನಾನು ಚಿತ್ರ ಬರೆದು ವಿವರಿಸಬಲ್ಲೆ. ಆಗ ಕನ್ನಡಿ ಎಸೆದು ಅಡುಗೆಮನೆಗೆ ಓಡಿದೆ. ಅಕ್ಕ ನಲ್ಲಿಯ ಎದುರು ಎರಡೂ ಕೈಯನ್ನು ಎದೆಗೆ ಒತ್ತಿ ನಿಂತಿದ್ದಳು. ನನ್ನ ಮುಖ ನೋಡದೆಯೇ ಹೇಳಿದಳು, "ತಮ್ಮಾ, ನಲ್ಲಿ ಮಾತಾಡ್ತಾ ಉಂಟು."

ನಾನು ಬಗ್ಗಿ ಕಿವಿ ಇಟ್ಟೆ. ದೂರದಲ್ಲಿ, ಗಂಟಲಲ್ಲಿ ನೀರು ತುಂಬಿಕೊಂಡು ಮಾತಾಡುವವರ ಹಾಗೆ, ಭಾವನ ಸ್ವರ. "ಕಮಲಾ, ನಲ್ಲಿ ಮುಚ್ಚಬೇಡ."

ಮಣ್ಣು ಬಿದ್ದದ್ದು ಅವರ ಮೇಲಲ್ಲ, ಅವರಿಗೂ ಹೊರಬಾಯಿಗೂ ನಡುವೆ. ಆ ಮಣ್ಣಿನ ಅಡಿಯಲ್ಲಿ, ಕಾಗೆಯಲ್ಲ, ಗುಡ್ಡವೇ ಕುಳಿತರೂ ಬಾಗದ ಕಬ್ಬಿಣದ ಪೈಪು ತೆರೆದೇ ಇತ್ತು. ಗೋಡೆಯ ತೂತು ಮುಚ್ಚಿಹೋದದ್ದರಿಂದ ಒಳಗೆ ಒಸರುವ ನೀರಿಗೆ ಇದ್ದ ದಾರಿ ಅದೊಂದೇ. ಅವರ ಉಸಿರಿಗೂ ಅದೇ. ನಾನು ನಲ್ಲಿಗೆ ಬಾಯಿ ಕೊಟ್ಟು, "ಭಾವಾ, ಹೇಗಿದ್ದೀರಿ?" ಎಂದೆ. ಆ ಸ್ಥಿತಿಯಲ್ಲಿ ಇರುವವರನ್ನು ಕೇಳುವ ಪ್ರಶ್ನೆಯೇ ಅದು? "ಕೂತಿದ್ದೇನೆ" ಎಂಬ ಉತ್ತರ ಬಂತು. ನಲ್ಲಿಯಲ್ಲಿ ಮಾತಾಡುವುದಕ್ಕೆ ಒಂದು ಕ್ರಮ ಬೇಕೆಂದು ನಮಗೆ ಗೊತ್ತಿರಲಿಲ್ಲ. ನಾವು ಬಾಯಿ ಇಟ್ಟಾಗ ಅವರೂ ಬಾಯಿ ಇಡುತ್ತಿದ್ದರು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ನಾವೂ ಕಿವಿ ಇಟ್ಟೆವು, ಅವರೂ ಕಿವಿ ಇಟ್ಟರು. ಎರಡೂ ತುದಿಯಲ್ಲಿ ಕಿವಿ, ನಡುವೆ ನಿಶ್ಶಬ್ದ. ಆ ಸ್ವಲ್ಪ ಹೊತ್ತು ಅವರು ಹೋದರೆಂದು ನಾವು, ನಾವು ಬಿಟ್ಟುಹೋದೆವೆಂದು ಅವರು, ಎರಡೂ ಕಡೆಯವರು ಒಂದೇ ಪೈಪಿಗೆ ಕಿವಿಗೊಟ್ಟು ಹೆದರುತ್ತಿದ್ದೆವು. ಕೊನೆಗೆ ಅಕ್ಕನೇ ನನ್ನನ್ನು ಬದಿಗೆ ತಳ್ಳಿದಳು. "ನೀನು ಹೋಗಿ ಜನ ಕರಿ. ಇದು ನನ್ನ ನಲ್ಲಿ."

ಪೊರ್ಬುಗಳು ಊಟ ಬಿಟ್ಟು ಬಂದರು. ಅವರ ಮಕ್ಕಳು, ಕಲ್ಲುಕೋರೆಯ ಕೆಲಸದವರು, ರಸ್ತೆಯಲ್ಲಿ ಹೋಗುತ್ತಿದ್ದ ಜೀಪಿನಿಂದ ಇಳಿದವರು ಎಲ್ಲರೂ ಸೇರಿದರು. ಸುರಂಗದ ಬಾಯಿಯ ಗೋಡೆ ಒಡೆದರು. ಒಬ್ಬರ ಹಿಂದೆ ಒಬ್ಬರು ಬಗ್ಗಿ ಕುಳಿತು ಹಾರೆ, ಗುದ್ದಲಿಗಳಿಂದ ಎಳೆದ ಮಣ್ಣನ್ನು ಅಡಿಕೆ ಹಾಳೆಯ ಮೇಲೆ ಹಾಕಿ ಹಗ್ಗದಲ್ಲಿ ಹೊರಗೆಳೆಯುವುದು. ತೆಗೆದಷ್ಟೂ ಮೇಲಿಂದ ಇಳಿಯುತ್ತಿತ್ತು. "ಹಲಗೆ ಬೇಕು, ಆಧಾರ ಕೊಡದೆ ಒಳಗೆ ಹೋದ್ರೆ ಇವತ್ತು ಐತಪ್ಪಣ್ಣನ ಒಟ್ಟಿಗೆ ನಮ್ಮದೂ ಆಗ್ತದೆ" ಎಂದರು ಪೊರ್ಬುಗಳು. ಬೋಳು ಪದವಿನಲ್ಲಿ ಹಲಗೆ ಎಲ್ಲಿಂದ? ಅಡುಗೆಮನೆಯಿಂದ ಅಕ್ಕನ ಸ್ವರ ಬಂತು. "ಮಂಚ ಕಳಚಿ." ಮಂಚ ಕಳಚಿದೆವು. ಮೇಜು ಹೋಯಿತು, ಪೆಟ್ಟಿಗೆ ಹೋಯಿತು, ಅಟ್ಟದ ಹಲಗೆಗಳು ಹೋದವು, ಕೊನೆಗೆ ಆ ಅಣೆಕಟ್ಟೆಯ ಕದ. ಭಾವ ವರ್ಷಗಟ್ಟಲೆ ಒಂದೊಂದೇ ಮೊಳೆ ಹೊಡೆದು ಮಾಡಿದ ಮನೆ ಒಂದೊಂದೇ ತುಂಡಾಗಿ ಗುಡ್ಡದೊಳಗೆ ನಡೆದುಹೋಯಿತು. ಅದರಲ್ಲಿ ಒಂದು ಹಲಗೆಯೂ ಬಿರುಕು ಬಿಡಲಿಲ್ಲ.

ಹಲಗೆ ಹೊರಲು ನಾನು ಒಳಗೆ ಹೋದಾಗಲೆಲ್ಲ ಅಕ್ಕನ ಮಾತು ಕಿವಿಗೆ ಬೀಳುತ್ತಿತ್ತು. ನಲ್ಲಿಯ ನೀರು ಕೊಡ ತುಂಬಿ, ನೆಲಕ್ಕೆ ಹರಿದು, ಅವಳ ಪಾದ ಮುಳುಗಿತ್ತು. ಅವಳು ಸಮಾಧಾನದ ಒಂದು ಮಾತನ್ನೂ ಹೇಳುತ್ತಿರಲಿಲ್ಲ. ಬೈಯುತ್ತಿದ್ದಳು. "ನಿಮಗೆ ಟಾಂಕಿ ಬೇಕಿತ್ತಲ್ಲಾ? ನನಗೆ ನೂಲಿನ ಹಾಗೆ ಬಂದ ನೀರು ಸಾಕಿತ್ತು. ನಾನು ಕುಂಬಳೆಯ ಮಾತು ತಮಾಷೆಗೆ ಹೇಳಿದ್ದು. ನೀವು ಗಲ್ಫಿನಿಂದ ಕಾಗದ ಬರೆಯುವಾಗಲೂ ಹಾಗೇ, ತಮಾಷೆ ಯಾವುದು ಅಂತ ನಿಮಗೆ ಗೊತ್ತಾಗುವುದೇ ಇಲ್ಲ." ಮದುವೆಯಾದಂದಿನಿಂದ ಬಾಕಿಯಿದ್ದದ್ದೆಲ್ಲ ಆ ನಲ್ಲಿಯೊಳಗೆ ಹೋಯಿತು. ನಾನು ಒಮ್ಮೆ, "ಅಕ್ಕ, ಈಗ ಅದೆಲ್ಲ ಬೇಡ" ಎಂದೆ. ಅವಳು ತಿರುಗಿ ನೋಡಿದಳು. ಆ ಮುಖವನ್ನು ವರ್ಣಿಸಲು ನನ್ನಿಂದಾಗದು. "ನಾನು ನಿಲ್ಲಿಸಿದ್ರೆ ಅವರು 'ಇದ್ದೀಯಾ?' ಅಂತ ಕೇಳ್ತಾರೆ ತಮ್ಮಾ" ಎಂದಳು. "ಆ ಸ್ವರ ನನಗೆ ಕೇಳ್ಲಿಕ್ಕೆ ಆಗುವುದಿಲ್ಲ."

ಬಿಸಿಲು ಬಾಡುವ ಹೊತ್ತಿಗೆ ದಾರಿಯಾಯಿತು. ಪೊರ್ಬುಗಳ ದೊಡ್ಡ ಮಗ ಕೈಹಿಡಿದು ಎಳೆದ. ಭಾವ ಮೊಣಕಾಲಿನಲ್ಲಿ ತೆವಳಿಕೊಂಡು, ಮೈಯೆಲ್ಲ ಸುಣ್ಣ ಬಳಿದ ಗೋಡೆಯಂತಾಗಿ ಬಂದರು. ಮೂಳೆ ಮುರಿದಿರಲಿಲ್ಲ, ಒಂದು ಗಾಯವೂ ಇರಲಿಲ್ಲ. ಸುರಂಗದ ಬಾಯಿಯ ಹತ್ತಿರ ಮೇಲ್ಮಣ್ಣಿಗೆ ಆನಿಸಿ ನಿಲ್ಲಿಸಿದ್ದ ಕದವನ್ನು ನೋಡಿ ಒಂದು ಗಳಿಗೆ ನಿಂತರು. "ಕದ ತಲೆಕೆಳಗು ಇಟ್ಟಿದ್ದೀರಿ ಮಾಷ್ಟ್ರೇ" ಎಂದರು. ಅಲ್ಲಿದ್ದವರೆಲ್ಲ ಅಳುತ್ತಾ ನಕ್ಕರು. ಇನ್ನು ಹೆದರಿಕೆಯಿಲ್ಲ, ನಮ್ಮ ಭಾವ ಹಾಗೆಯೇ ವಾಪಸು ಬಂದಿದ್ದಾರೆ ಎಂದು ನಾನು ತಿಳಿದೆ. ಅವರ ಬಾಯಿಂದ ನಾನು ಕೇಳಿದ ಕೊನೆಯ ತಮಾಷೆ ಅದು.

ಮಂಚ, ಮೇಜು, ಕದ ಎಲ್ಲವನ್ನೂ ತೊಳೆದು ತಂದು ಮತ್ತೆ ಜೋಡಿಸಿದೆವು. ಕದವನ್ನು ನೆಟ್ಟಗೇ ಇಟ್ಟೆವು. ಆದರೆ ಭಾವ ಅದನ್ನು ಮುಚ್ಚಲು ಬಿಡಲಿಲ್ಲ. ಮಂಚದಷ್ಟು ಜಾಗ ಸಾಕೆಂದವರಿಗೆ ಆ ಕೋಣೆಯೊಳಗೆ ಒಂದು ಲೋಟ ಚಾ ಕುಡಿದು ಮುಗಿಸುವಷ್ಟು ಹೊತ್ತೂ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಜಗಲಿಯಲ್ಲೇ ಊಟ, ಜಗಲಿಯಲ್ಲೇ ಚಾಪೆ. ಮಳೆಗಾಲ ಬಂದಾಗ ಅದೂ ಆಗದೆ ಸೀತಾಂಗೋಳಿಯ ಪೇಟೆಯಲ್ಲಿ ಒಂದು ಮಾಳಿಗೆಯ ಬಾಡಿಗೆಮನೆಗೆ ಇಳಿದರು. ನಾಲ್ಕೂ ಕಡೆ ಕಿಟಕಿ. ಕೆಳಗೆ ಬಸ್ಸುಗಳ ಹಾರ್ನು. ಅಲ್ಲಿ ಅಕ್ಕನಿಗೆ ಒಳ್ಳೆಯ ರಭಸದ ನಲ್ಲಿ ಇದೆ. ಯಾರೂ ಅವಳಿಗೆ ಮುಚ್ಚು ಎನ್ನುವುದಿಲ್ಲ. ಒಮ್ಮೆ ನಾನು ಹೋದಾಗ ಅದರ ವಾಷರು ಸವೆದು ತೊಟ್ಟಿಕ್ಕುತ್ತಿತ್ತು, ಸರಿಮಾಡಲು ಪ್ಲಂಬರನನ್ನು ಕರೆಸಿದ್ದರು. ಪೈಪ್ ರೆಂಚು ಕಪಾಟಿನ ಮೇಲೆ ಇತ್ತು. ಭಾವ ದೂರದಲ್ಲಿ, ಅತಿಥಿಯ ಹಾಗೆ ಬಾಗಿಲಿಗೆ ಒರಗಿ ನಿಂತಿದ್ದರು. ಆ ಮನುಷ್ಯ, "ಹೀಗೆ ಹಾಕಿದ್ರೆ ಆಗ್ತದಾ?" ಎಂದು ಕೇಳಿದ. ನಾನು ಕಾದೆ. ಒಂದು ಬೈಗುಳಕ್ಕೆ, ಒಂದು ಗೇಲಿಗೆ ಕಾದೆ. ಯಾವ ಊರಿನ ಯಾವ ಮದುವೆಗೆ ಹೋದರೂ ಅಲ್ಲಿನ ಪೈಪಿನ ಜೋಡಣೆಗೆ ಒಂದು ಕೊಂಕು ನುಡಿಯದೆ ಬಾರದವರು ಅವರು. "ನಿಮಗೆ ಕಂಡ ಹಾಗೆ ಮಾಡಿ" ಎಂದರು ಭಾವ. ಸುರಂಗದ ಎದುರು ನಿಂತಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, 'ಎಂತ ಕತೆ?' ಎಂದು ಕೇಳುವವರಿಗೆ ತೋರಿಸಲು ನನ್ನಲ್ಲಿ ಏನೂ ಇಲ್ಲ. ಅಂಗಿ ಕೂಡ ಕೊಳೆಯಾದದ್ದು ಹಲಗೆ ಹೊತ್ತಾಗ. ಸಿಕ್ಕಿಬಿದ್ದವರಿಗೆ ಹೆದರಿಕೊಳ್ಳುವ ಹಕ್ಕಿದೆ, ನಲ್ಲಿಯ ಮುಂದೆ ನಿಂತವಳಿಗೂ ಇದೆ. ಕನ್ನಡಿ ಹಿಡಿದವನಿಗೆ ಎಂತದು? ಹಾಗೆಂದು ಯಾರಲ್ಲೂ ಹೇಳಿಕೊಳ್ಳಲಿಲ್ಲ. ಶಾಲೆಯಲ್ಲಿ ಬೆಳಕಿನ ಪ್ರತಿಫಲನದ ಪಾಠ ಬಂದಾಗ ಮಾತ್ರ, ಪ್ರಯೋಗಾಲಯದ ಕನ್ನಡಿ ಒಡೆದಿದೆ ಎಂದು ಸುಳ್ಳು ಹೇಳಿ, ಪುಸ್ತಕ ಓದಿಸಿ ಮುಗಿಸುತ್ತೇನೆ.

ಕೊನೆಗೆ ಪದವಿನ ಮನೆಯನ್ನು ಮಾರುವುದೆಂದಾಯಿತು. ಪೈವಳಿಕೆ ಕಡೆಯ ಒಬ್ಬರು ಗೇರು ನೆಡುವ ಅಂದಾಜಿನಲ್ಲಿ ನೋಡಲು ಬಂದರು. ಭಾವ ಜಗಲಿಯಿಂದ ಆಚೆ ಅಂಗಳದಲ್ಲೇ ಉಳಿದರು. ಪೊರ್ಬುಗಳೂ ಬಂದು ಅವರ ಪಕ್ಕ ನಿಂತರು. ನಾನು ಒಳಗೆ ಕರೆದುಕೊಂಡು ಹೋಗಿ ಮಂಚ ಬಿಡಿಸಿ ತೋರಿಸಿದೆ, ಮೇಜು ತೋರಿಸಿದೆ, ಹಲಸಿನ ಕದವನ್ನು ಬಹಳ ಹೊಗಳಿದೆ. ಅವರು ತಲೆಯಾಡಿಸುತ್ತಾ ಅಡುಗೆಯ ಮೂಲೆಗೆ ಹೋಗಿ, "ನೀರಿನ ವ್ಯವಸ್ಥೆ ಉಂಟಲ್ವಾ?" ಎಂದು ನಲ್ಲಿ ತಿರುಗಿಸಿದರು. ಎಷ್ಟೋ ದಿನ ಮುಚ್ಚಿದ್ದ ನಲ್ಲಿ. ನೀರು ಬರಲಿಲ್ಲ. ದೂರದಲ್ಲಿ, ಗುಡ್ಡದ ಒಳಗೆ, ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಶಬ್ದವಾಯಿತು. "ಇಲ್ಲ, ಬರುವುದಿಲ್ಲ" ಎಂದು ಅವರು ನಲ್ಲಿಯನ್ನು ಮುಚ್ಚತೊಡಗಿದರು.

"ಮುಚ್ಚಬೇಡಿ" ಎಂದು ನಾನು ಕೂಗಿದೆ. ಕೂಗಿದ್ದು ನಾನೇ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಕೈ ಅವರ ಮುಂಗೈಯನ್ನು ಹಿಡಿದಿತ್ತು. ಅವರು ಬೆಚ್ಚಿ ನನ್ನನ್ನೇ ನೋಡುತ್ತಿದ್ದರು. ನಲ್ಲಿಯಿಂದ ಕೆಂಪು ನೀರು ನೂಲಿನಂತೆ ಇಳಿಯತೊಡಗಿತು. ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸಿತು. ಭಾವ ಒಳಗೆ ಬಂದಿದ್ದರು. ಮನೆ ಬಿಟ್ಟ ಮೇಲೆ ಅವರು ಆ ಹೊಸ್ತಿಲನ್ನು ದಾಟಿದ್ದು ಅದೇ ಮೊದಲು. ಮುಖದಲ್ಲಿ ಬೆವರಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಆ ಮನುಷ್ಯನ ಕೈಯಿಂದ ಬಿಡಿಸಿದರು. "ನೀರು ಸುಮ್ಮನೆ ಹೋಗ್ತದೆ" ಎಂದು ಮೆಲ್ಲಗೆ ಹೇಳಿ, ನಲ್ಲಿಯನ್ನು ತಾವೇ ತಿರುಗಿಸಿ, ಬಿಗಿಯಾಗಿ ಮುಚ್ಚಿದರು. "ನಾನು ಇಲ್ಲೇ ಇದ್ದೇನೆ, ಮಾರಾಯ." ಅಷ್ಟು ವರ್ಷ ಮಾಷ್ಟ್ರೇ ಎಂದವರು. ಹೇಳಿದವರೇ ಉಸಿರು ಕಟ್ಟಿದವರಂತೆ ಹೊರಗೆ ಹೋಗಿ ಅಂಗಳದ ನಡುವೆ ಬಿಸಿಲಲ್ಲಿ ನಿಂತರು.

ಪೈವಳಿಕೆಯವರು ಮತ್ತೆ ಬರಲಿಲ್ಲ. ಹೋಗುವಾಗ ದಾರಿಯಲ್ಲಿ ಪೊರ್ಬುಗಳನ್ನು ಕೇಳಿದರಂತೆ, "ಮನೆ ಎಲ್ಲ ಗಟ್ಟಿ ಉಂಟು. ಪಾಪ, ಸುರಂಗದಲ್ಲಿ ಸಿಕ್ಕಿದ್ದು ಆ ಮಾಷ್ಟ್ರು ಅಲ್ವಾ? ಎಷ್ಟು ಹೊತ್ತು ಇದ್ದರು ಒಳಗೆ?"

"ಯಾರು, ಅವರಾ?" ಎಂದರಂತೆ ಪೊರ್ಬುಗಳು. "ಅವರು ಹೊರಗೆ ಕನ್ನಡಿ ಹಿಡಿದು ನಿಂತವರು."